ಕಂದು ಹಾಕಿದ ಮರಿಯ ರೂಮೆನ್: ನನ್ನ ಅನುಭವ

"ಕಂದು ಹಾಕಿದ ಆಡಿನ ಮರಿಯಲ್ಲಿ ನೋಡ್ಲಿಕ್ಕೆ ಎಂತ ಉಂಟು? ಎಲ್ಲ ಕೊಳೆತಿರ್ತದೆ" ಎಂದಿದ್ದರು ಲ್ಯಾಬಿನ ಗೆಳೆಯರು. ಈಗ ನನ್ನ ಪೆಟ್ಟಿಗೆಯಲ್ಲಿ ರೂಮೆನ್ನಿನ, ಅಂದರೆ ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯ, 200ರ ಹತ್ತಿರ ಸ್ಲೈಡುಗಳಿವೆ. ಚೋಟುದ್ದದ ಭ್ರೂಣದಿಂದ ಸೊಪ್ಪು ಜಗಿಯುವ ಮರಿಯವರೆಗೆ. ಎಲ್ಲವೂ ಕಾಸರಗೋಡಿನ ಬದಿಯಡ್ಕದ ಮನೆಯ ಹಿಂದಿನ ಕೋಣೆಯಲ್ಲೇ ಆದದ್ದು.

ಹೊರಗೆ ಮಾಡಿಸಿದರೆ ಸ್ಲೈಡಿಗೆ 150–200 ರೂಪಾಯಿ ಕೇಳುತ್ತಿದ್ದರು. ಅಂಗಾಂಶವನ್ನು ತೆಳುವಾಗಿ ಸೀಳುವ ಯಂತ್ರ, ಹಳೆಯ ಮೈಕ್ರೋಟೋಮ್ ಒಂದು 18 ಸಾವಿರಕ್ಕೋ ಏನೋ ಸಿಕ್ಕಿತು, ಕೊಂಡುಕೊಂಡೆ. ಮೊದಲ ವರ್ಷ ಪೂರ್ತಿ ನಷ್ಟ. ರೂಮೆನ್ ಇಡಿಯಾಗಿ, ಕೊಳೆಯದಂತೆ ಇಡುವ ಫಾರ್ಮಲಿನ್‌ಗೆ ಹಾಕಿದೆ. ಹೊರಗೆ ಗಟ್ಟಿ, ಒಳಗೆ ಲೋಳೆ. ತುಂಡು ಮಾಡಿ ಹಾಕಿದೆ. ಒಣಗಿದ ವೀಳ್ಯದೆಲೆಯ ಹಾಗೆ ಸುರುಟಿಕೊಂಡಿತು. ಸೆಕ್ಷನ್ (ತೆಳು ಸೀಳು) ಓರೆಯಾಗಿ ಬಂದು, ಪ್ಯಾಪಿಲ್ಲಾ (ಒಳಪದರದ ಬೆರಳಿನಂಥ ಚಾಚು) ಯಾವುದು, ಬರೀ ಮಡಿಕೆ ಯಾವುದು ಎಂದೇ ತಿಳಿಯಲಿಲ್ಲ.

ಹರವಿ ಚುಚ್ಚಿಡಬೇಕು ಅಂತ ಹೊಳೆದದ್ದು ಆಮೇಲೆ. ಅಡಿಕೆ ಹಾಳೆಯ ಮೇಲೆ ಚುಚ್ಚಿದೆ. ಹಾಳೆಯ ಕಂದು ಬಣ್ಣ ಬಿಟ್ಟು ಅಂಗಾಂಶಕ್ಕೆ ಹತ್ತಿತು. ಗುಂಡುಸೂಜಿ ತುಕ್ಕು ಹಿಡಿಯಿತು. ಕೊನೆಗೆ ಮೀನಿನ ಪೆಟ್ಟಿಗೆಯ ಥರ್ಮಾಕೋಲ್ ತುಂಡು, ನಿಂಬೆ ಮುಳ್ಳು. ಒಳಪದರ ಮೇಲೆ ಬರುವ ಹಾಗೆ ಚುಚ್ಚಿ, ಮಗುಚಿ ಫಾರ್ಮಲಿನ್‌ನಲ್ಲಿ ತೇಲಿಬಿಟ್ಟೆ. ಮರುದಿನ ನೋಡಿದರೆ ಚಪ್ಪಟೆ, ನೇರ!

ಇನ್ನೊಂದು ಹೊತ್ತಿನ ಪ್ರಶ್ನೆ. ಪೆರ್ಲ, ಮುಳ್ಳೇರಿಯ ಕಡೆಯ ಸುಮಾರು 30 ಮನೆಗಳಿಗೆ, ಆಡು ಕಂದು ಹಾಕಿದರೆ ಫೋನ್ ಮಾಡಿ ಎಂದು ನಂಬರ್ ಕೊಟ್ಟಿದ್ದೆ. ಒಬ್ಬ ಅಕ್ಕ ಪ್ರೀತಿಯಿಂದ ಮರಿಯನ್ನು ಫ್ರೀಜರಿನಲ್ಲೇ ಇಟ್ಟಿದ್ದರು. ಜೀವಕೋಶಗಳೆಲ್ಲ ಒಡೆದು ಸ್ಲೈಡ್ ತುಂಬ ತೂತು. "ಅಕ್ಕಾ, ಬರೀ ಕೈಯಲ್ಲಿ ಮುಟ್ಟಬೇಡಿ. ಐಸಿನ ಮೇಲೆ ಇಟ್ಟರೆ ಸಾಕು" ಎಂದು ಆಮೇಲಿಂದ ಎಲ್ಲರಿಗೂ ಹೇಳುತ್ತೇನೆ. ಕಂದು ಹಾಕಿದ್ದಕ್ಕೆ ಮನುಷ್ಯರಿಗೂ ಹರಡುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣವಿರಬಹುದು, ಗ್ಲೌಸ್ ಬೇಕೇ ಬೇಕು. ನಾಲ್ಕು ಗಂಟೆಯೊಳಗೆ ಕೈಗೆ ಬಂದದ್ದನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

ಮಳೆಗಾಲದಲ್ಲಿ ಸೆಕ್ಷನ್ ಗಾಜಿನಿಂದ ಎದ್ದು ಬರುತ್ತದೆ, ಅಲ್ವಾ? ಅದನ್ನು ಅಂಟಿಸಲು ಹಚ್ಚುವ ಮೊಟ್ಟೆಯ ಬಿಳಿಗೆ ನಾನು ಸೇರಿಸುವುದು ಒಂದಿದೆ. ಅದು ನನ್ನಲ್ಲೇ ಇರಲಿ.

ಚೋಟುದ್ದದ ಭ್ರೂಣದಲ್ಲಿ ಒಳಪದರ ಹೆಚ್ಚುಕಡಿಮೆ ಸಪಾಟು, ತಿಳಿ ಬಣ್ಣದ ಕೋಶಗಳ ಹತ್ತಾರು ಸಾಲು. ದಿನ ತುಂಬಿದ್ದರಲ್ಲಿ ಗಿಡ್ಡ ಪ್ಯಾಪಿಲ್ಲಾಗಳು. ಹುಟ್ಟಿದ ಮೇಲೆ ಸತ್ತ ಎರಡು ಮರಿಗಳನ್ನೂ ಸುಮ್ನೆ ಹೋಲಿಸಿದೆ, ಎರಡಕ್ಕೂ ಐದಾರು ವಾರ. ಬರೀ ಬಾಟಲಿ ಹಾಲು ಕುಡಿದದ್ದರಲ್ಲಿ ಪ್ಯಾಪಿಲ್ಲಾ ಹುಟ್ಟಿದಾಗಿನಷ್ಟೇ ಗಿಡ್ಡ. ಹಿಂಡಿ, ಹಲಸಿನ ಸೊಪ್ಪು ತಿಂದದ್ದರಲ್ಲಿ ಬರಿಗಣ್ಣಿಗೇ ಕಾಣುವಷ್ಟು ಉದ್ದ, ಮೇಲೆ ಗುಲಾಬಿ ಬಣ್ಣದ ಕೆರಾಟಿನ್ (ಉಗುರಿನಲ್ಲಿರುವಂಥ ಗಟ್ಟಿ ಪ್ರೋಟೀನ್) ಪಟ್ಟಿ. ಆ ಸ್ಲೈಡ್ ನೋಡಿದ ಗೆಳೆಯ ಮರುವಾರವೇ ಥರ್ಮಾಕೋಲ್ ತುಂಡು ಕೇಳಿಕೊಂಡು ಬಂದ.