ಮಂಡಿಯ ಎಂಆರ್‌ಐ ಮೇಲೆ ಗೆರೆ ಎಳೆಯುವ ಕ್ರಮ

ಮುಂಬಯಿಯಲ್ಲಿ ಮಳೆ ಹಿಡಿಯಿತೆಂದರೆ ಕೆಸರಿನ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತ ತಿರುಚಿಕೊಂಡ ಮಂಡಿಗಳೂ ಲೋಕಲ್ ನಿಲ್ದಾಣದ ಒದ್ದೆ ಮೆಟ್ಟಿಲಿನಲ್ಲಿ ಜಾರಿದ ಮಂಡಿಗಳೂ ಒಟ್ಟೊಟ್ಟಿಗೆ ಬರತೊಡಗುತ್ತವೆ. ಮಾಟುಂಗಾದಿಂದಲೋ ಡೊಂಬಿವಲಿಯಿಂದಲೋ ಬರುವ ನಮ್ಮವರು ಬಹಳ ಸಲ ತೋರಿಸುವುದು ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳುಹಿಸಿದ ಫಿಲ್ಮಿನ ಫೋಟೊವನ್ನು. ಅದರ ಮೇಲೆ ಮಿಲಿಮೀಟರು ಎಣಿಸಲು ಹೋಗಬಾರದು. ಸಿ.ಡಿ.ಯನ್ನೋ ಲಿಂಕನ್ನೋ ತರಿಸಿ, ಡೈಕಾಮ್ ವ್ಯೂವರಿನಲ್ಲಿ (ವೈದ್ಯಕೀಯ ಚಿತ್ರಗಳನ್ನು ತೋರಿಸುವ ತಂತ್ರಾಂಶದಲ್ಲಿ) ತೆರೆದು, ಅದರದ್ದೇ ಅಳತೆಗೆರೆಯನ್ನು ಬಳಸಬೇಕು. ಫಿಸಿಯೊಥೆರಪಿಯನ್ನೂ ಅಸ್ಥಿವೈದ್ಯವನ್ನೂ ಈಗಷ್ಟೇ ಕಲಿಯುತ್ತಿರುವವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು.

ಗೆರೆ ಎಳೆಯುವ ಮುನ್ನ ಎಸಿಎಲ್ ಅನ್ನು, ಅಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಕಟ್ಟಿಹಿಡಿಯುವ ಮುಂಬದಿಯ ಲಿಗಮೆಂಟನ್ನು (ತಂತುಪಟ್ಟಿಯನ್ನು), ಕಣ್ತುಂಬ ನೋಡಿರಿ. ಆರೋಗ್ಯವಂತ ಎಸಿಎಲ್ ತೊಡೆಮೂಳೆಯ ಕೆಳತುದಿಯ ನಡುವಿನ ಕೊರಕಲಿನ ಛಾವಣಿಗೆ ಸಮಾನಾಂತರವಾಗಿ, ಅಥವಾ ಅದಕ್ಕಿಂತ ತುಸು ಕಡಿದಾಗಿ, ಕಪ್ಪು ಪಟ್ಟಿಯಂತೆ ಇಳಿಯುತ್ತದೆ. ಎಂಆರ್‌ಐ ಮಂಡಿಯನ್ನು ಸೀಳಿದಂತೆ ತೋರಿಸುವ ಪದರಗಳು ಸಾಮಾನ್ಯವಾಗಿ ಸುಮಾರು 3 ಮಿ.ಮೀ. ದಪ್ಪವಿರುವುದರಿಂದ ಓರೆಯಾಗಿ ಸಾಗುವ ಈ ಲಿಗಮೆಂಟು ಎರಡು ಪದರಗಳಲ್ಲಿ ಹಂಚಿಹೋಗಿ, ಹರಿಯದಿದ್ದರೂ ಹರಿದಂತೆ ಕಾಣಬಹುದು. ಹಾಗಾಗಿ ಸ್ಯಾಜಿಟಲ್ (ಪಕ್ಕದಿಂದ ಕಂಡ) ಚಿತ್ರವೊಂದನ್ನೇ ನಂಬದೆ ಕೊರೊನಲ್ (ಎದುರಿನಿಂದ ಕಂಡ) ಮತ್ತು ಏಕ್ಸಿಯಲ್ (ಅಡ್ಡಸೀಳಿನ) ಚಿತ್ರಗಳಲ್ಲೂ ಅದನ್ನು ಹಿಂಬಾಲಿಸಬೇಕು.

ಅಳತೆಗಳಲ್ಲಿ ನಾನು ಹೆಚ್ಚು ನೆಚ್ಚಿಕೊಂಡಿರುವುದು ಟಿಬಿಯಾ (ಕೆಳಗಾಲಿನ ದಪ್ಪ ಮೂಳೆ) ಮುಂದಕ್ಕೆ ಜಾರಿರುವ ದೂರವನ್ನು. ಮೊದಲು ಸ್ಯಾಜಿಟಲ್ ಸರಣಿಯಲ್ಲಿ ಫಿಬುಲಾದ (ಟಿಬಿಯಾದ ಹೊರಬದಿಯ ತೆಳು ಮೂಳೆಯ) ತಲೆ ಎಲ್ಲಿ ಕಾಣುತ್ತದೆಂದು ಹುಡುಕಿ, ಹೊರಬದಿ ಯಾವುದೆಂದು ಖಚಿತಪಡಿಸಿಕೊಳ್ಳಿರಿ. ಬಳಿಕ ಹೊರ ಕಾಂಡೈಲ್ (ತೊಡೆಮೂಳೆಯ ಕೆಳತುದಿಯ ಹೊರಬದಿಯ ಉಬ್ಬು) ಮೊದಲು ಕಾಣಿಸಿದ ಪದರದಿಂದ ಕೊರಕಲು ಆರಂಭವಾಗುವ ಪದರದವರೆಗೆ ಎಣಿಸಿ, ಅವುಗಳ ನಟ್ಟನಡುವಿನ ಪದರವನ್ನು ಆರಿಸಿರಿ. ಅಲ್ಲಿ ಕಾಂಡೈಲಿನ ಹಿಂದಂಚನ್ನು ಮುಟ್ಟುವಂತೆ ಟಿಬಿಯಾದ ಉದ್ದಕ್ಕೆ ಸಮಾನಾಂತರವಾದ ಗೆರೆಯೊಂದನ್ನೂ, ಟಿಬಿಯಾದ ಹಿಂದಂಚನ್ನು ಮುಟ್ಟುವಂತೆ ಅದೇ ದಿಕ್ಕಿನ ಇನ್ನೊಂದು ಗೆರೆಯನ್ನೂ ಎಳೆದು ಅವುಗಳ ನಡುವಿನ ಅಂತರವನ್ನು ಅಳೆಯಿರಿ. ಟಿಬಿಯಾ 5 ಮಿ.ಮೀ.ಗಿಂತ ಹೆಚ್ಚು ಮುಂದಿದ್ದರೆ ಅನುಮಾನ ಪಡಬೇಕು, 7 ಮಿ.ಮೀ. ದಾಟಿದರೆ ಎಸಿಎಲ್ ಹರಿದಿರುವ ಸಾಧ್ಯತೆ ಬಲವಾಗುತ್ತದೆ. ಪದರವನ್ನು ಒಳಬದಿಗೆ ಆರಿಸಿಕೊಂಡವನ ಉತ್ತರ ಮಾತ್ರ, ಗೆರೆ ಎಷ್ಟೇ ನೇರವಾಗಿದ್ದರೂ, ತಪ್ಪೇ. ಅಂತರ ಕಡಿಮೆ ಬಂದಿತೆಂದು ಲಿಗಮೆಂಟು ಗಟ್ಟಿಯಾಗಿದೆ ಎನ್ನಲೂ ಬರುವುದಿಲ್ಲ, ಏಕೆಂದರೆ ರೋಗಿ ಮಲಗಿರುತ್ತಾನೆ, ಮಂಡಿಯ ಮೇಲೆ ಭಾರವಿರುವುದಿಲ್ಲ, ಹೊಸ ಪೆಟ್ಟಿನಲ್ಲಿ ಸ್ನಾಯುಗಳೂ ಬಿಗಿಹಿಡಿದಿರುತ್ತವೆ.

ಕೋನಗಳು ಇದಕ್ಕೆ ಪೂರಕ. ಎಸಿಎಲ್‌ನ ಕೆಳಭಾಗ ಟಿಬಿಯಾದ ಮೇಲ್ಮೈಯೊಂದಿಗೆ 45 ಡಿಗ್ರಿಗಿಂತ ಕಡಿಮೆ ಕೋನ ಮಾಡಿದರೆ ಅದು ಮಲಗಿಬಿಟ್ಟಿದೆ ಎಂದರ್ಥ. ಟಿಬಿಯಾ ಮುಂದೆ ಸರಿದಾಗ ಹಿಂಬದಿಯ ಲಿಗಮೆಂಟಾದ ಪಿಸಿಎಲ್ ಸಡಿಲವಾಗಿ ಬಾಗುತ್ತದೆ. ಅದರ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಕೋನ 105 ಡಿಗ್ರಿಗಿಂತ ಕೆಳಗಿಳಿದರೆ ಅದೂ ಎಸಿಎಲ್‌ನ ಕಡೆಗೇ ಬೆರಳು ತೋರುತ್ತದೆ. ಆದರೆ ಮಂಡಿಯನ್ನು ಮಡಚಿ ಮಲಗಿಸಿದ್ದರೆ ಈ ಕೋನಗಳು ಬದಲಾಗುತ್ತವೆ.

ಪಿಸಿಎಲ್‌ಗೇ ಪೆಟ್ಟಾಗಿದೆಯೇ ಎಂದು ನೋಡುವಾಗ ಟಿ2 (ನೀರಿನಂಶ ಬೆಳ್ಳಗೆ ಕಾಣುವ) ಸ್ಯಾಜಿಟಲ್ ಚಿತ್ರದಲ್ಲಿ ಅದರ ಹಿಂದುಮುಂದಿನ ದಪ್ಪವನ್ನು ಅಳೆಯಿರಿ, 7 ಮಿ.ಮೀ. ಅಥವಾ ಹೆಚ್ಚು ಇದ್ದರೆ ಹರಿದಿರುವ ಶಂಕೆ ಬರಬೇಕು. ಮಂಡಿಯ ಒಳಬದಿಯ ಲಿಗಮೆಂಟಾದ ಎಂಸಿಎಲ್‌ಗೆ ಅಳತೆಗಿಂತ ಗ್ರೇಡು ಉಪಯುಕ್ತ: ಸುತ್ತ ಊತ ಮಾತ್ರವಿದ್ದರೆ 1, ಕೆಲವು ಎಳೆಗಳು ಹರಿದಿದ್ದರೆ 2, ಪೂರ್ತಿ ತುಂಡಾಗಿದ್ದರೆ 3.

ಅಂಕಿಗಳನ್ನು ಬರೆದ ಮೇಲೆ, ಮಂಡಿಯನ್ನು 20ರಿಂದ 30 ಡಿಗ್ರಿ ಮಡಚಿ ಲ್ಯಾಕ್‌ಮನ್ ಪರೀಕ್ಷೆ (ಟಿಬಿಯಾವನ್ನು ಕೈಯಿಂದ ಮುಂದಕ್ಕೆ ಎಳೆದು ನೋಡುವುದು) ಮಾಡಿದವರ ಕೈ ಏನು ಹೇಳಿತೆಂದು ಕೇಳಿರಿ. ಎರಡೂ ಹೊಂದದಿದ್ದರೆ ಶಸ್ತ್ರಚಿಕಿತ್ಸೆಯ ಮಾತಿಗೆ ಮೊದಲು ಮತ್ತೊಮ್ಮೆ ಪರೀಕ್ಷಿಸುವುದು ಸರಿ. ಪ್ರತಿ ಅಳತೆಯ ಜೊತೆಗೆ ಯಾವ ಸರಣಿಯ ಎಷ್ಟನೆಯ ಪದರದಲ್ಲಿ ಅಳೆದಿರೆಂಬುದನ್ನೂ ನಮೂದಿಸಿದರೆ, ಆರು ತಿಂಗಳ ನಂತರ ಬೇರೆಯವರು ಅದೇ ಜಾಗದಲ್ಲಿ ಗೆರೆ ಎಳೆದು ಹೋಲಿಸಬಲ್ಲರು.