ಕೊಡ ಹೊತ್ತ ನಡಿಗೆ, ಕೈಯಲ್ಲೊಂದು ಸಣ್ಣ ಕ್ಯಾಮೆರಾ

ಹೊಸಪೇಟೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ರಜೆ ಸಿಕ್ಕರೆ ಬೆಳಗಿನ ಬಸ್ಸು ಹಿಡಿದು ಹಂಪಿಗೆ ಹೊರಡುತ್ತೇನೆ. ಅಲ್ಲಿ ಸುತ್ತಾಡಿ ವಿಡಿಯೊ ಮಾಡುವುದು ನನ್ನ ಹುಚ್ಚು. ನೋಡಿದವರು ಮೊದಲು ಕೇಳುವುದು ಒಂದೇ: "ಟೀಚರ್, ಗಿಂಬಲ್ ಯಾವುದು?"

ಗಿಂಬಲ್ ಅಂದರೆ ಕೈ ನಡುಗಿದರೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರಿನ ಹಿಡಿಕೆ. ಅದು ಇತ್ತು. ಈಗ ಬೀರುವಿನ ಮೇಲೆ ಮಲಗಿದೆ. ಮಾತಂಗ ಬೆಟ್ಟ ಹತ್ತುವಾಗ ಕೆಲವು ಕಡೆ ಎರಡೂ ಕೈ ಊರಬೇಕು. ಒಂದು ಕೈಯಲ್ಲಿ ಅದನ್ನು ಹಿಡಿದು ಹತ್ತಲು ಹೋಗಿ ಮಂಡಿ ಕೆತ್ತಿಕೊಂಡೆ. ಟ್ರೈಪಾಡಿನ ಮಾತಂತೂ ಬೇಡ. ವಿಠ್ಠಲ ದೇವಸ್ಥಾನದಂಥ ಕಡೆ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಅದನ್ನು ನಿಲ್ಲಿಸುವಂತಿಲ್ಲ. ಹಾಗಾಗಿ ಕೈಯೇ ಗತಿ.

ನನ್ನ ಹತ್ತಿರ ಇರುವುದು ಸೋನಿ ಝಡ್‌ವಿ-1 ಅನ್ನುವ ಕ್ಯಾಮೆರಾ. ಬಂದಿದ್ದು 2020ರಲ್ಲಿ, ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಬ್ಯಾಟರಿ ಸೇರಿ 300 ಗ್ರಾಮಿಗಿಂತ ಕಡಿಮೆ ತೂಕ, ಚೂಡಿದಾರದ ಜೇಬಿಗೆ ಹಿಡಿಸುತ್ತದೆ. ಅದನ್ನೇ ಆರಿಸಲು ಕಾರಣ ಅದರೊಳಗಿರುವ ಎನ್‌ಡಿ ಫಿಲ್ಟರ್. ಕಣ್ಣಿಗೆ ಕೂಲಿಂಗ್ ಗ್ಲಾಸ್ ಇದ್ದ ಹಾಗೆ ಅದು. ಒಳಗೆ ಹೋಗುವ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುತ್ತದೆ. ಹಂಪಿಯ ಬಂಡೆಗಳ ಮೇಲೆ ಹನ್ನೊಂದು ಗಂಟೆಗೇ ಬಿಸಿಲು ಹೇಗೆ ಹೊಡೆಯುತ್ತದೆ ಅಂತ ಬಂದವರಿಗೆ ಗೊತ್ತು.

ಸೆಟ್ಟಿಂಗ್ ಒಮ್ಮೆ ಇಟ್ಟು ಮರೆತುಬಿಡಿ. ಫುಲ್ ಎಚ್‌ಡಿ, ಸೆಕೆಂಡಿಗೆ 25 ಫ್ರೇಮು, ಶಟರ್, ಅಂದರೆ ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಈ ಲೆಕ್ಕದಲ್ಲಿ ಟ್ಯೂಬ್‌ಲೈಟ್ ಇರುವ ಹೋಟೆಲಿನೊಳಗೆ ಹೋದರೂ ಚಿತ್ರ ಮಿಣುಕುವುದಿಲ್ಲ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ 125ಕ್ಕೆ ಇಟ್ಟು, ಎನ್‌ಡಿ ಹಾಕಿದರೆ, ನಡುಹಗಲಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಎಫ್8ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಎನ್‌ಡಿ ಇಲ್ಲದಿದ್ದರೆ ಶಟರ್ ಜೋರಾಗಿ ಓಡಬೇಕಾಗುತ್ತದೆ. ಆಗ ನಡೆಯುವ ಜನ ಗೊಂಬೆಗಳ ಹಾಗೆ ತಟಕ್ ತಟಕ್ ಕಾಣುತ್ತಾರೆ. ಮೊಬೈಲಿನಲ್ಲೇ ಮಾಡುವವರು ಕ್ಲಿಪ್ ಹಾಕುವ ಎನ್‌ಡಿ ಗಾಜು ಕೊಂಡರೆ ಸಾಕು. ಮೊಬೈಲನ್ನು ಮಾತ್ರ ಕಾದ ಬಂಡೆ ಮೇಲೆ ಇಡಬೇಡಿ, ಬಿಸಿಯಾಗಿ ಕ್ಯಾಮೆರಾ ಆಪ್ ತಾನೇ ಮುಚ್ಚಿಕೊಳ್ಳುತ್ತದೆ.

ಇನ್ನು ಕೈ ನಡುಗುವ ವಿಚಾರ. ನನ್ನಜ್ಜಿ ಬಾವಿಯಿಂದ ಸೊಂಟದ ಮೇಲೆ ಕೊಡ ಹೊತ್ತು ತರುತ್ತಿದ್ದಳು. ಅಂಚಿನವರೆಗೂ ನೀರು, ಒಂದು ಹನಿ ಚೆಲ್ಲುತ್ತಿರಲಿಲ್ಲ. ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆ ಇಟ್ಟು, ಹಿಮ್ಮಡಿ ಮೊದಲು ಊರಿ ಆಮೇಲೆ ಪಾದವನ್ನು ಮೆಲ್ಲಗೆ ನೆಲಕ್ಕೆ ತಾಗಿಸುತ್ತಾ ನಡೆಯುತ್ತಿದ್ದಳು. ಕ್ಯಾಮೆರಾ ಹಿಡಿದಾಗಲೂ ಇದೇ ನಡಿಗೆ. ಕುತ್ತಿಗೆ ಪಟ್ಟಿಯನ್ನು ಬಿಗಿಯಾಗುವ ತನಕ ಮುಂದಕ್ಕೆ ಎಳೆದು ಹಿಡಿಯಿರಿ, ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. ಎರಡು ಕೈ, ಒಂದು ಕುತ್ತಿಗೆ. ಅಲ್ಲಿಗೆ ಟ್ರೈಪಾಡು ಆಯ್ತಲ್ವಾ? ನಿಂತು ತೆಗೆಯುವಾಗ ಮಂಟಪದ ಕಂಬಕ್ಕಲ್ಲ, ಹೊರಗಿನ ಬಂಡೆಗೆ ಒರಗಿ. ಕೆತ್ತನೆ ಸವೆಯುವುದು ಹೀಗೆ ಒರಗಿ ಒರಗಿಯೇ. ಜೂಮ್ ಎಳೆದಷ್ಟೂ ನಡುಕ ಜಾಸ್ತಿ. ಆದಷ್ಟು ಅಗಲಕ್ಕೆ ಇಟ್ಟು, ಬೇಕಾದರೆ ನೀವೇ ಹತ್ತಿರ ಹೋಗಿ. ಒಂದೊಂದು ಶಾಟನ್ನೂ ಹತ್ತು ಸೆಕೆಂಡು ಹಿಡಿಯಿರಿ. ಮನಸ್ಸಿನಲ್ಲೇ ಎಣಿಸಿ. ನಾನು ಮೊದಲೆಲ್ಲ ಮೂರಕ್ಕೇ ನಿಲ್ಲಿಸಿ ಎಡಿಟ್ ಮಾಡುವಾಗ ಅತ್ತಿದ್ದೇನೆ.

ಗಾಳಿಯ ಸದ್ದು ಇದೆಲ್ಲದಕ್ಕಿಂತ ದೊಡ್ಡ ಶತ್ರು. ಮೊದಲ ಸಲ ಮಾತಂಗ ಬೆಟ್ಟದ ತುದಿಯಲ್ಲಿ ಸೂರ್ಯ ಹುಟ್ಟುವಾಗ, ಕೆಳಗೆ ಅಚ್ಯುತರಾಯ ದೇವಸ್ಥಾನ ತೋರಿಸುತ್ತಾ ಮೊಬೈಲಿನಲ್ಲಿ ಚೆಂದಾಗಿ ಮಾತಾಡಿದ್ದೆ. ಮನೆಗೆ ಬಂದು ಕೇಳಿದರೆ ಬರೀ ಬರ್ರ್ ಅನ್ನುವ ಶಬ್ದ. ಝಡ್‌ವಿ-1 ಹೊಸದಾಗಿ ಕೊಂಡರೆ ಮೈಕಿಗೆ ತುಪ್ಪಳದ ಟೊಪ್ಪಿಗೆ ಜೊತೆಗೇ ಬರುತ್ತದೆ. ನನಗೆ ಮಾರಿದವರು ಅದನ್ನು ಕಳೆದುಕೊಂಡಿದ್ದರು. ಮಗಳ ಹಳೇ ಟೆಡ್ಡಿಯ ಬೆನ್ನಿನಿಂದ ಒಂದು ತುಂಡು ಕತ್ತರಿಸಿ ಮೈಕಿನ ಮೇಲೆ ಅಂಟಿಸಿದೆ. ಮಗಳು ಎರಡು ದಿನ ಮಾತು ಬಿಟ್ಟಳು, ಗಾಳಿ ಮಾತ್ರ ಅಡಗಿತು. ಗಿಂಬಲಿಗೆ ಕೂಡಿಟ್ಟ ದುಡ್ಡಿದ್ದರೆ ಮೊದಲು ಈ ಟೊಪ್ಪಿಗೆ ತಗೊಳ್ಳಿ, ಆಮೇಲೆ ಎರಡು ಬ್ಯಾಟರಿ. ಸಣ್ಣ ಕ್ಯಾಮೆರಾದ ಬ್ಯಾಟರಿಯೂ ಸಣ್ಣದೇ.

ಹಳೇ ಕ್ಯಾಮೆರಾ ಕೊಳ್ಳುವವರು ಅಂಗಡಿಯಲ್ಲೇ ಬಿಳಿ ಗೋಡೆಯ ಒಂದು ಫೋಟೊ ಎಫ್11ರಲ್ಲಿ, ಅಂದರೆ ಕಿಂಡಿ ಸಣ್ಣದು ಮಾಡಿ, ತೆಗೆದು ನೋಡಿ. ಚಿತ್ರ ಹಿಡಿಯುವ ಸೆನ್ಸರಿನಲ್ಲಿ ಧೂಳು ಕೂತಿದ್ದರೆ ಕಪ್ಪು ಚುಕ್ಕೆ ಕಾಣುತ್ತದೆ. ಲೆನ್ಸು ಹೊರಗೆ ಬರುವಾಗ ಕಿರಕಿರ ಅಂದರೆ ಸುಮ್ನೆ ವಾಪಸು ಬನ್ನಿ.

ಹರಿಗೋಲಿನಲ್ಲಿ ಕೂತಾಗ ಕ್ಯಾಮೆರಾ ತಿರುಗಿಸುವ ಗೋಜಿಗೆ ಹೋಗಬೇಡಿ. ಹರಿಗೋಲು ತಾನೇ ಸುತ್ತುತ್ತದೆ, ನೀವು ಅಲುಗದೆ ಕೂತರೆ ತುಂಗಭದ್ರೆಯ ಎರಡೂ ದಡ ಒಂದೇ ಶಾಟಿನಲ್ಲಿ ಬಂದು ಹೋಗುತ್ತವೆ. ಪಟ್ಟಿ ಮಾತ್ರ ಕುತ್ತಿಗೆಯಿಂದ ತೆಗೆಯಬೇಡಿ. ನನ್ನ ಮೊದಲ ಮೊಬೈಲು ಇನ್ನೂ ಆ ನದಿಯಲ್ಲೇ ಇದೆ.