ಗರ್ಭದ ನೀರಿನಿಂದ ಸ್ಟೆಮ್ ಸೆಲ್: ಮೊದಲ ವಾರ ಫ್ಲಾಸ್ಕ್ ಮುಟ್ಟಬೇಡಿ

ನಮ್ಮ ಲ್ಯಾಬಿಗೆ ಗರ್ಭದ ನೀರು ಬರುವುದು ಕ್ರೋಮೋಸೋಮ್ ಪರೀಕ್ಷೆಗೆ. 15 ವಾರ ತುಂಬಿದ ಮೇಲೆ ಸೂಜಿಯಿಂದ ತೆಗೆದ 15–20 ಎಂಎಲ್ ನೀರು, ತಿಳಿ ಹಳದಿ. ಮಗುವಿನ ಮೈಯಿಂದ ಉದುರಿದ ಸೆಲ್‌ಗಳು ಅದರಲ್ಲಿ ತೇಲುತ್ತಿರುತ್ತವೆ. ಒಂದು ಫ್ಲಾಸ್ಕ್ ರಿಪೋರ್ಟಿಗೆ, ಇನ್ನೊಂದು ಕಷ್ಟಕಾಲಕ್ಕೆ. ರಿಪೋರ್ಟ್ ಹೋದ ಮೇಲೆ ಆ ಎರಡನೆಯದು ಕಸಕ್ಕೆ. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಸೆಲ್ ಆಗಬಲ್ಲ ಮೂಲ ಸೆಲ್, ಹುಡುಕಲು ನಮಗೆ ಬೇಕಾದದ್ದು ಅದೇ! ಕಸ ಅಂತ ಸುಮ್ನೆ ಎತ್ತಿಕೊಳ್ಳುವ ಹಾಗಿಲ್ಲ, ತಾಯಿಯ ಲಿಖಿತ ಒಪ್ಪಿಗೆ ಮೊದಲೇ ಇರಬೇಕು.

ನೀರು ಬಂದ ದಿನವೇ ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಮೆಷಿನ್ನಿನಲ್ಲಿ ಜೋರಾಗಿ ತಿರುಗಿಸಿ. ತಳದಲ್ಲಿ ಕೂತದ್ದನ್ನು ಸೆಲ್ ಬೆಳೆಸುವ ಪೋಷಕ ದ್ರವವಾದ ಮೀಡಿಯಮ್‌ನಲ್ಲಿ ಕಲಸಿ ಫ್ಲಾಸ್ಕಿಗೆ ಹಾಕಿ. ಇನ್‌ಕ್ಯುಬೇಟರ್ 37 ಡಿಗ್ರಿ, ಕಾರ್ಬನ್ ಡೈಆಕ್ಸೈಡ್ ಶೇ 5. ಆಮೇಲೆ ಐದಾರು ದಿನ ಕೈ ಕಟ್ಟಿ ಕೂರಿ. ನಾನು ಕೂರಲಿಲ್ಲ. ದಿನಾ ಹೊರಗೆ ತೆಗೆದು, ಓರೆ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅರೆಬರೆ ಅಂಟಿದ್ದ ಸೆಲ್‌ಗಳೆಲ್ಲ ಬಿಟ್ಟುಹೋದವು. "ಕಾವಿಗೆ ಕೂತ ಕೋಳೀನ ಎಬ್ಬಿಸಿ ಎಬ್ಬಿಸಿ ಮೊಟ್ಟೆ ನೋಡಿದ್ರೆ ಮರಿ ಆಗುತ್ತೇನಮ್ಮ?" ಅಂದರು ಸೀನಿಯರ್.

ಅಂಟಿದ ಸೆಲ್ ಗುಂಪಾಗಿ ಬೆಳೆದು ಕಾಲೊನಿ ಆದ ಮೇಲೆ, ಪ್ರೋಟೀನ್ ಕತ್ತರಿಸುವ ಕಿಣ್ವ ಟ್ರಿಪ್ಸಿನ್ ಹಾಕಿ ಸೆಲ್ ಬಿಡಿಸಿ. ಜಾಸ್ತಿ ಹೊತ್ತು ಬೇಡ. ನಾವು ಹುಡುಕುವ ಗುರುತು, ಸಿ-ಕಿಟ್ ಎಂಬ ಪ್ರೋಟೀನ್, ಸೆಲ್‌ನ ಮೈಮೇಲೇ ಇರುತ್ತದೆ, ಅದೂ ಕತ್ತರಿಸಿಹೋಗಬಹುದು. ಅದನ್ನು ಹಿಡಿಯುವ ಆ್ಯಂಟಿಬಾಡಿ ಇರುವ ಮ್ಯಾಗ್ನೆಟಿಕ್ ಬೀಡ್ ಸೇರಿಸಿ, ಮ್ಯಾಗ್ನೆಟ್ ಇಟ್ಟ ಕಾಲಮ್‌ನಲ್ಲಿ ಹರಿಸಿ. ಮ್ಯಾಗ್ನೆಟ್ಟಿಗೆ ಸಿಕ್ಕಿ ಉಳಿಯುವ ಸೆಲ್ ನೂರಕ್ಕೆ ಸುಮಾರು ಒಂದು. ಸಾಕು, ಬಿಡಿ. 2007ರಲ್ಲಿ ಪಾವೊಲೊ ಡಿ ಕೊಪ್ಪಿ, ಆಂಥೋನಿ ಅಟಾಲಾ ತಂಡ ಹೀಗೆ ಆರಿಸಿದ ಸೆಲ್‌ಗಳು ಸುಮಾರು 36 ಗಂಟೆಗೊಮ್ಮೆ ಇಮ್ಮಡಿಯಾಗುತ್ತಿದ್ದವು. ಫ್ಲಾಸ್ಕ್ ಪೂರ್ತಿ ತುಂಬಲು ಬಿಡದೆ, ಮುಕ್ಕಾಲಿಗೆ ಮುಂಚೆಯೇ ಹೊಸ ಫ್ಲಾಸ್ಕುಗಳಿಗೆ ಹಂಚಿ.

ಇಷ್ಟಾದರೂ ಇದನ್ನು ಸ್ಟೆಮ್ ಸೆಲ್ ಅನ್ನಬೇಡಿ. ಪರೀಕ್ಷೆ ಬಾಕಿ ಇದೆ. ಒಂದು ತಟ್ಟೆಯ ಸೆಲ್ಲಿಗೆ ಮೂಳೆಯ ಕಡೆ ತಿರುಗಿಸುವ ಡೆಕ್ಸಾಮೆಥಸೋನ್, ವಿಟಮಿನ್ ಸಿ, ಬೀಟಾ ಗ್ಲಿಸರೋಫಾಸ್ಫೇಟ್ ಹಾಕಿ. ಇನ್ನೊಂದಕ್ಕೆ ಬರೀ ಮೀಡಿಯಮ್. ಮೂರು ವಾರದ ಮೇಲೆ ಎರಡಕ್ಕೂ ಅಲಿಜರಿನ್ ರೆಡ್ ಬಣ್ಣ. ಮೊದಲನೆಯದರಲ್ಲಿ ಮಾತ್ರ ಕೆಂಪು ಕಲೆಗಳು ಎದ್ದರೆ ಕ್ಯಾಲ್ಸಿಯಂ ಕೂತಿದೆ, ಮೂಳೆಯ ದಾರಿ ಹಿಡಿದಿದೆ ಎಂದರ್ಥ. ಎರಡೂ ಕೆಂಪಾದರೆ? ತೊಳೆದದ್ದು ಸರಿಯಾಗಿಲ್ಲ, ಅಷ್ಟೇ.

ಆ ತಂಡ ಮೂಳೆ, ಕೊಬ್ಬು, ಸ್ನಾಯು, ರಕ್ತನಾಳ, ನರ, ಯಕೃತ್ತು ಈ ಆರೂ ಕಡೆಗೆ ಸೆಲ್‌ಗಳನ್ನು ತಿರುಗಿಸಿತ್ತು. ಇಲಿಗಳಿಗೆ ಕೊಟ್ಟಾಗ ಗಡ್ಡೆ ಬೆಳೆಯಲಿಲ್ಲ. ಭ್ರೂಣದ ಸ್ಟೆಮ್ ಸೆಲ್‌ಗೆ ಹೋಲಿಸಿದರೆ ನನ್ನ ಮಟ್ಟಿಗೆ ಇದೇ ದೊಡ್ಡ ಸಮಾಧಾನ, ಅವು ಹಾಗೆ ಗಡ್ಡೆ ಕಟ್ಟಬಲ್ಲವು. ಹಾಗಂತ ಇದನ್ನು ಸಿದ್ಧ ಔಷಧಿ ಎಂದು ಮಾರುವವರನ್ನು ನಂಬಬೇಡಿ.

ಉಳಿದ ಸೆಲ್‌ಗಳನ್ನು ಹಿಮದ ಹರಳಿನಿಂದ ಕಾಪಾಡುವ ದ್ರವ ಡಿಎಂಎಸ್‌ಒ ಶೇ 10 ಸೇರಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣ್ಣಗೆ ಮಾಡಿ, ಲಿಕ್ವಿಡ್ ನೈಟ್ರೋಜನ್‌ಗೆ ಇಳಿಸಿ. ವಯಲ್ ಮೇಲೆ ತಾಯಿಯ ಹೆಸರು ಬೇಡ, ಕೋಡ್ ಸಾಕು. ಮಾಮೂಲಿ ಮಾರ್ಕರ್ ಕೂಡ ಬೇಡ, ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ.